ಮನೆ ಕಟ್ಟೋ ಕೆಲಸದ ದುಡ್ಡು ಬರ್ತಿಲ್ವಾ? ಹೀಗೆ ಮಾಡಿ

ರಾಯಚೂರು ಕಡೆ ಸಣ್ಣಪುಟ್ಟ ಮನೆ ಕೆಲಸ ಹಿಡಿಯುವವರು ದುಡ್ಡನ್ನು ಹಂತ ಹಂತವಾಗಿ ಕೇಳಿ. ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಸ್ಲ್ಯಾಬ್‌ಗೆ ಇಷ್ಟು ಅಂತ ಬರೆದು ಸಹಿ ಹಾಕಿಸಿಕೊಳ್ಳಿ. ಸ್ಲ್ಯಾಬ್ ಕಂತು ಬರದೆ ಪ್ಲಾಸ್ಟರ್ ಶುರು ಮಾಡಬೇಡಿ. ಪರಿಚಯದವರು, ಹೇಗೆ ಕೇಳೋದು ಅಂತ ಸುಮ್ನೆ ಇದ್ದರೆ, ವಾರದ ಬಟವಾಡೆಗೆ ಗಾರೆಯವರು, ಕೂಲಿಯವರು ಎದುರಿಗೆ ಬಂದು ನಿಂತಾಗ ಆ ಪರಿಚಯ ಕೈಹಿಡಿಯಲ್ಲ, ಅಲ್ವಾ?

ದುಡ್ಡು ಜಾಸ್ತಿ ಸಿಕ್ಕಿಹಾಕಿಕೊಳ್ಳೋದು ಹೆಚ್ಚುವರಿ ಕೆಲಸದಲ್ಲಿ. "ಇಲ್ಲೊಂದು ಸಜ್ಜಾ ಹಾಕಿಬಿಡ್ರಿ" ಅಂದಿದ್ದ ಮಾಲೀಕರೊಬ್ಬರು, ಬಿಲ್ ಕೊಟ್ಟಾಗ "ಅದು ಮೊದಲೇ ಮಾತಾಗಿತ್ತಲ್ಲ" ಅಂದುಬಿಟ್ಟರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಈಗ ಅವತ್ತೇ ಸಂಜೆ ಫೋಟೊ, ಅಳತೆ, ರೇಟು ವಾಟ್ಸಾಪ್‌ಗೆ ಹಾಕಿ, "ಆಯ್ತು" ಅಂತ ಉತ್ತರ ಬಂದ ಮೇಲೇ ಕೆಲಸ ಮುಟ್ಟುತ್ತೇನೆ.

ಚೆಕ್ ಕೊಟ್ಟರೆ ಅದರ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ದುಡ್ಡಿಲ್ಲದೆ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಜೋಪಾನ. ಅದು ಸಿಕ್ಕ 30 ದಿನದೊಳಗೆ ವಕೀಲರಿಂದ ನೋಟಿಸ್ ಕಳಿಸಿ. ನೋಟಿಸ್ ಮುಟ್ಟಿ 15 ದಿನವಾದರೂ ದುಡ್ಡು ಬರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ಚೆಕ್ ಬೌನ್ಸ್ ಕೇಸ್ ಹಾಕಬಹುದು.

ಚೆಕ್ ಇಲ್ಲದಿದ್ದರೆ ಸಿವಿಲ್ ದಾವೆ. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಗಡುವು, ಇವತ್ತು ನಾಳೆ ಅನ್ನುವವರನ್ನು ನಂಬಿ ಅದನ್ನು ದಾಟಿಸಬೇಡಿ.