ಕಂಪ್ಯೂಟರ್ ಕೇಸಿನೊಳಗೆ ಗಾಳಿಯ ಹರಿವು ಮತ್ತು ಧೂಳಿನ ನಿಯಂತ್ರಣ

ಡೆಸ್ಕ್‌ಟಾಪ್ ಕಂಪ್ಯೂಟರಿನ ಕೇಸಿನಲ್ಲಿ ಮುಂಭಾಗದ ಫ್ಯಾನುಗಳು ತಂಪು ಗಾಳಿಯನ್ನು ಒಳಗೆಳೆದುಕೊಳ್ಳುವಂತೆಯೂ, ಹಿಂಭಾಗದ ಮತ್ತು ಮೇಲ್ಭಾಗದ ಫ್ಯಾನುಗಳು ಬಿಸಿ ಗಾಳಿಯನ್ನು ಹೊರಹಾಕುವಂತೆಯೂ ಜೋಡಿಸಬೇಕು. ಮೋಟಾರನ್ನು ಹಿಡಿದಿರುವ ಕಡ್ಡಿಗಳು ಯಾವ ಬದಿಯಲ್ಲಿವೆಯೋ, ಸಾಮಾನ್ಯವಾಗಿ ಆ ಬದಿಯಿಂದಲೇ ಗಾಳಿ ಹೊರಬರುತ್ತದೆ. ಮುಂದೆ 120 ಮಿಲಿಮೀಟರಿನ ಎರಡು ಫ್ಯಾನು, ಹಿಂದೆ ಅದೇ ಅಳತೆಯ ಒಂದು ಇದ್ದರೆ ಸಾಮಾನ್ಯ ಮನೆಬಳಕೆಗೆ ಸಾಕೆಂಬುದು ನನ್ನ ಅಭಿಪ್ರಾಯ. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ತುಸು ಹೆಚ್ಚಿದ್ದಾಗ ಒಳಗಿನ ಒತ್ತಡ ಏರಿ, ಫಿಲ್ಟರ್ ಇಲ್ಲದ ಸಂದುಗಳಿಂದ ಧೂಳು ನುಸುಳುವುದು ಕಡಿಮೆಯಾಗುತ್ತದೆ.

ಸ್ವಚ್ಛಗೊಳಿಸುವ ಮೊದಲು ಕಂಪ್ಯೂಟರನ್ನು ಆಫ್ ಮಾಡಿ, ವಿದ್ಯುತ್ ತಂತಿಯನ್ನು ತೆಗೆದಿಡಬೇಕು. ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆಹಿಡಿಯುವುದನ್ನು ದಯವಿಟ್ಟು ಮರೆಯಬಾರದು, ಏಕೆಂದರೆ ಅವು ಮಿತಿಮೀರಿದ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗಬಹುದು. ತೊಳೆದ ಫಿಲ್ಟರನ್ನು ಪೂರ್ತಿ ಒಣಗಿದ ನಂತರವೇ ಮರಳಿ ಅಳವಡಿಸಬೇಕು.