ಬೆಳ್ಳಿ ಜೊತೆ ಆಂಟಿಬಯೋಟಿಕ್: ಜೋಡಿ ಕೂಡಿ ಬರುತ್ತಾ ಅಂತ ನೋಡೋದು ಹೇಗೆ?

ಬೆಳ್ಳಿ ಅಯಾನು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲ ಮಾಡುತ್ತದೆ, ಆಗ ಕೆಲವು ಆಂಟಿಬಯೋಟಿಕ್‌ಗಳು ಸಲೀಸಾಗಿ ಒಳಗೆ ನುಗ್ಗುತ್ತವೆ. ಇದನ್ನು ಲ್ಯಾಬಿನಲ್ಲಿ ಪರೀಕ್ಷಿಸಲು 96 ಗುಳಿಗಳ ಪ್ಲೇಟ್ ಬೇಕು. ಅಡ್ಡಸಾಲಿನಲ್ಲಿ ಔಷಧಿಯನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ಮಾಡುತ್ತಾ ಹೋಗಿ, ಉದ್ದಸಾಲಿನಲ್ಲಿ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟನ್ನೂ ಹಾಗೇ ಇಳಿಸಿ, ಎಲ್ಲಕ್ಕೂ ಒಂದೇ ಅಳತೆಯ ಬ್ಯಾಕ್ಟೀರಿಯಾ ಹಾಕಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡಿ. ಔಷಧಿ, ಬೆಳ್ಳಿ ಎರಡೂ ಬೆರೆಸದೆ ಬರೀ ಬ್ಯಾಕ್ಟೀರಿಯಾ ಇರುವ ಗುಳಿ ಒಂದಿರಲಿ.

ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ ಬೆಳ್ಳಿ ಬಿಳಿ ಗಷ್ಟಾಗಿ ತಳ ಸೇರುತ್ತದೆ. ಆ ಮಬ್ಬನ್ನೇ ಬೆಳವಣಿಗೆ ಅಂದುಕೊಂಡರೆ ಲೆಕ್ಕವೇ ಹಾಳು, ಅಲ್ವಾ?

ಬೆಳಿಗ್ಗೆ ತಿಳಿಯಾಗಿರುವ, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಗುಳಿ ಹುಡುಕಿ. ಔಷಧಿ ಒಂಟಿಯಾಗಿ ಮಿಲಿಲೀಟರಿಗೆ 8 ಮೈಕ್ರೋಗ್ರಾಂ ಬೇಕಿದ್ದದ್ದು ಜೋಡಿಯಲ್ಲಿ 2 ಸಾಕಾದರೆ, 2ನ್ನು 8ರಿಂದ ಭಾಗಿಸಿ 0.25. ಬೆಳ್ಳಿಯದೂ 0.25 ಬಂತು ಅನ್ನಿ, ಕೂಡಿದರೆ 0.5. ಅಷ್ಟು ಅಥವಾ ಕಡಿಮೆ ಬಂದರೆ ಜೋಡಿ ಗೆದ್ದಂತೆ, 4 ದಾಟಿದರೆ ಒಂದಕ್ಕೊಂದು ಅಡ್ಡಗಾಲು. ನಡುವಿನದು ಸುಮ್ನೆ ಪಕ್ಕದಲ್ಲಿ ಕೂತಿದೆ ಅಷ್ಟೇ.