ಕಾಲಯಾನದ ಕಥೆ ಬರೆಯಬೇಕಾ? ಯಂತ್ರ ಆಮೇಲೆ, ಮೊದಲು ವರ್ಷ ಆರಿಸಿ

ಟೈಮ್ ಟ್ರಾವೆಲ್ ಕಥೆ ಬರೆಯಲು ಕೂತವರು ಮೊದಲ ನಾಲ್ಕು ಪುಟವನ್ನು ಯಂತ್ರಕ್ಕೇ ಸುರಿಯುತ್ತಾರೆ. ಬೇಡ. ಪುರಾಣದ ಕಕುದ್ಮಿ ರಾಜನನ್ನೇ ನೋಡಿ. ಮಗಳು ರೇವತಿಗೆ ಯಾವ ಗಂಡು ಸರಿ ಅಂತ ಕೇಳಲು ಬ್ರಹ್ಮಲೋಕಕ್ಕೆ ಹೋದ, ಅಲ್ಲಿ ಹಾಡು ಮುಗಿಯುವ ತನಕ ಸುಮ್ನೆ ಕಾದ, ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದು, ಅವನು ಮನಸ್ಸಲ್ಲಿಟ್ಟುಕೊಂಡಿದ್ದ ಗಂಡುಗಳಲ್ಲಿ ಒಬ್ಬನೂ ಉಳಿದಿರಲಿಲ್ಲ. ಇದರಲ್ಲಿ ಯಂತ್ರ ಎಲ್ಲಿದೆ? ಆದರೂ ಎದೆ ಝಲ್ಲೆನ್ನುತ್ತದೆ ಅಲ್ವಾ.

ಓದುಗರನ್ನು ಹಿಡಿಯುವುದು ಒಂದು ಚಡಪಡಿಕೆ: ಮುಂದೇನಾಗುತ್ತದೆ ಅಂತ ಗೊತ್ತು, ತಡೆಯಬಹುದಾ ಗೊತ್ತಿಲ್ಲ. ಹಾಗಾಗಿ ಏನಾದರೂ ಕೈತಪ್ಪುವುದಕ್ಕೆ ಸ್ವಲ್ಪ ಮುಂಚಿನ ಕಾಲ ಆರಿಸಿ. ಮೈಸೂರಿನವರಿಗೆ 1897 ಇದೆ. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಲ್ಲೇ ಮರದ ಹಳೆ ಅರಮನೆಗೆ ಬೆಂಕಿ ಬಿತ್ತು. ನಿಮ್ಮ ನಾಯಕಿ ಆ ಮದುವೆಯಲ್ಲಿದ್ದಾಳೆ. ಕೂಗಿ ಹೇಳಿದರೆ ನಂಬುವವರು ಯಾರು? ನಂಬಿ ಬೆಂಕಿ ತಪ್ಪಿಸಿದರು ಅನ್ನಿ, ಆಗ 1912ರಲ್ಲಿ ಕಟ್ಟಿ ಮುಗಿಸಿದ ಈಗಿನ ಅರಮನೆಯೇ ಇರುವುದಿಲ್ಲ, ಅದರ ದಸರಾ ದೀಪ ನೋಡಲು ಬಂದು ಪರಿಚಯವಾದವರು ಅವಳ ಅಪ್ಪ ಅಮ್ಮ ಆಗಿದ್ದರೆ ಅವಳೂ ಇರುವುದಿಲ್ಲ.

ನನ್ನನ್ನು ಕೇಳಿದರೆ ಇದಕ್ಕಿಂತ ಕನ್ನಂಬಾಡಿ ಒಳ್ಳೆಯ ಕಥೆ. ಅಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟೆಯ (ಈಗಿನ ಕೆಆರ್‌ಎಸ್) ಕೆಲಸ ಶುರುವಾಗಿದ್ದು 1911ರಲ್ಲಿ. ಬೆಂಕಿ ಹೇಳಿ ಬರಲಿಲ್ಲ, ನೀರು ಹಾಗಲ್ಲ. ಊರು ಮುಳುಗುತ್ತದೆ ಅಂತ ಊರವರಿಗೂ ಗೊತ್ತು. ಹಾಗಾದರೆ ಮುಂದಿನ ಕಾಲದಿಂದ ಬಂದ ಮಂಡ್ಯದ ಹುಡುಗ ಹೊಸದಾಗಿ ಹೇಳುವುದೇನು? ನಾಲೆ ನೀರು ಹರಿದು ಕಬ್ಬು ಬೆಳೆದಿದ್ದು ಅವನಿಗೆ ಗೊತ್ತು. ಅವನ ಫೀಸು ಕಟ್ಟಿದ್ದೇ ಆ ಕಬ್ಬಿನ ದುಡ್ಡಲ್ಲಿ. ಮನೆ ಬಿಡಲ್ಲ ಅಂತ ಜಗಲಿ ಮೇಲೆ ಕೂತ ಅಜ್ಜಿಗೆ ಅವನು ಅದನ್ನು ಹೇಗೆ ಹೇಳುತ್ತಾನೆ, ಹೇಳದೆ ಹೇಗೆ ಎದ್ದು ಬರುತ್ತಾನೆ? ಇಲ್ಲಿ ಆತುರ ಬೇಡ. ಪುಟಗಟ್ಟಲೆ ಬರೆಯಿರಿ, ಅಜ್ಜಿಗೂ ಜಾಸ್ತಿ ಮಾತು ಕೊಡಿ.

ನಿಯಮ ಒಂದೇ ಸಾಕು. ಹಿಂದಿನದನ್ನು ಬದಲಿಸಬಹುದೋ ಇಲ್ಲವೋ ನೀವೇ ತೀರ್ಮಾನಿಸಿ, ಕೊನೆಯಲ್ಲಿ ಅದನ್ನು ಮುರಿಯಬೇಡಿ. ಮುರಿದರೆ ಓದುಗರಿಗೆ ಸಿಟ್ಟು ಬರುತ್ತದೆ, ಬರಲೇಬೇಕು.

ಇನ್ನು ಸಣ್ಣ ವಿವರಗಳು. ಜೇಬಿನ ನೋಟು ಅಲ್ಲಿ ನಡೆಯುವುದಿಲ್ಲ. 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ. 'ನಮ್ಮದು ಮಂಡ್ಯ ಜಿಲ್ಲೆ' ಅಂದರೆ 1939ಕ್ಕೆ ಹಿಂದಿನವರು ಮುಖ ನೋಡುತ್ತಾರೆ, ಆಗಿನ್ನೂ ಆ ಜಿಲ್ಲೆಯೇ ಆಗಿರಲಿಲ್ಲ. ಇಂಥ ಎಡವಟ್ಟು ಒಂದೆರಡು ಸಾಕು, ಪುಟಕ್ಕೊಂದು ಹಾಕಿದರೆ ಕ್ವಿಜ್ ಆಗುತ್ತದೆ.

ಬರೆದಾದ ಮೇಲೆ ಯಂತ್ರದ ಪ್ಯಾರಾ ತೆಗೆದು ಯಾರಿಗಾದರೂ ಓದಲು ಕೊಡಿ. 'ಅಜ್ಜಿ ಕೊನೆಗೂ ಮನೆ ಬಿಟ್ಟರಾ?' ಅಂತ ಕೇಳಿದರೆ ಕಥೆ ಕಳಿಸಬಹುದು. 'ಹುಡುಗ ಅಲ್ಲಿಗೆ ಹೋಗಿದ್ದು ಹೇಗೆ?' ಅಂತ ಕೇಳಿದರೆ ಅಜ್ಜಿಯ ಭಾಗವನ್ನು ಇನ್ನೊಮ್ಮೆ ಬರೆಯಿರಿ.